ಕಾಲುವೆ ಒಂದು, ಯಜಮಾನರು ಹಲವರು: ಝುಲು ರೈತರ ಮ್ಸಿಂಗಾದ ಸ್ಥಳೀಯ ಆಡಳಿತ

(ಬ್ಲಾಕಿನ ರೈತರ ಸಭೆಯಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ಈ ದಿನ ನಾನು ನಿಮ್ಮೊಡನೆ ಮಾತನಾಡಲು ಆರಿಸಿಕೊಂಡಿರುವ ವಿಷಯ ನಮ್ಮ ದೇಶದ್ದಲ್ಲ. ದಕ್ಷಿಣ ಆಫ್ರಿಕದ ಪೂರ್ವಭಾಗದಲ್ಲಿ ಕ್ವಾಝುಲು-ನಟಾಲ್ ಎಂಬ ಪ್ರಾಂತವಿದೆ. ಅದರೊಳಗೆ ಮ್ಸಿಂಗಾ ಎಂಬ ಹಳ್ಳಿಗಾಡಿನ ಪ್ರದೇಶವಿದೆ. ಅಲ್ಲಿಯ ಜನ ಹೆಚ್ಚು ಕಡಿಮೆ ಎಲ್ಲರೂ ಝುಲು ಭಾಷೆಯನ್ನಾಡುವವರು. ಬೇಸಾಯ ಮಾಡುವವರು, ದನ ಮೇಕೆ ಸಾಕುವವರು. ಅವರ ಊರಿನ ಆಡಳಿತ ಹೇಗೆ ನಡೆಯುತ್ತದೆ, ಅದರಲ್ಲಿ ರೈತನ ಮಾತು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬುದನ್ನು ಹೇಳಬೇಕೆಂದಿದ್ದೇನೆ.

ಅಷ್ಟು ದೂರದವರ ಸಂಗತಿ ನಮಗೇಕೆ ಎಂದು ನೀವು ಕೇಳಬಹುದು. ಹೊಲಕ್ಕೆ ನೀರು ಬಾರದಿದ್ದಾಗ ಯಾರ ಬಾಗಿಲಿಗೆ ಹೋಗಬೇಕು ಎಂಬ ಪ್ರಶ್ನೆ ಎಲ್ಲಿಯ ರೈತನಿಗೂ ಒಂದೇ. ಮ್ಸಿಂಗಾದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಾಗಿಲ್ಲ. ಏಕೆ ಸುಲಭವಾಗಿಲ್ಲ ಎಂಬುದನ್ನು ತಿಳಿದುಕೊಂಡರೆ ಊರಿನ ಆಡಳಿತವೆಂದರೇನು ಎಂಬುದು ನಮಗೂ ಇನ್ನಷ್ಟು ಸ್ಪಷ್ಟವಾದೀತು.

ನೆಲ ಮತ್ತು ಜನ

ಮ್ಸಿಂಗಾದ ವಿಸ್ತಾರ ಸುಮಾರು ೨,೫೦೦ ಚದರ ಕಿಲೋಮೀಟರು. ೨೦೧೧ರ ಜನಗಣತಿಯ ಪ್ರಕಾರ ಅಲ್ಲಿಯ ಜನಸಂಖ್ಯೆ ೧,೭೭,೫೭೭. ಡ್ರೇಕನ್ಸ್‌ಬರ್ಗ್ ಪರ್ವತದಲ್ಲಿ ಹುಟ್ಟುವ ಟುಗೇಲಾ ನದಿ ಈ ಸೀಮೆಯ ನಡುವೆ ಆಳವಾದ ಕಣಿವೆಯನ್ನು ಕೊರೆದುಕೊಂಡು ಹರಿಯುತ್ತದೆ. ಕಣಿವೆಯೊಳಗೆ ಸೆಕೆ ಬಹಳ, ಮಳೆ ಕಡಿಮೆ. ಎಲ್ಲಿ ನೋಡಿದರೂ ಕಲ್ಲು, ಮುಳ್ಳುಗಿಡ. ಇಂಥ ನೆಲದಲ್ಲಿ ಮೇಕೆ ಚೆನ್ನಾಗಿ ಬಾಳುತ್ತದೆ. ಮಳೆಯನ್ನು ನಂಬಿ ಬಿತ್ತಿದ ಜೋಳ ಹಲವು ವರ್ಷ ಕೈಕೊಡುತ್ತದೆ. ಜೋಳವೆಂದರೆ ಅಲ್ಲಿ ಮುಸುಕಿನ ಜೋಳ. ಅದೇ ಅವರ ಮುಖ್ಯ ಆಹಾರ.

ನದಿಯ ದಡದಲ್ಲಿ ಟುಗೇಲಾ ಫೆರಿ ಎಂಬ ಸಣ್ಣ ಪೇಟೆಯಿದೆ. ಹಿಂದೆ ಅಲ್ಲಿ ದೋಣಿಯ ಮೇಲೆ ಹೊಳೆ ದಾಟುತ್ತಿದ್ದುದರಿಂದ ಆ ಹೆಸರು ಬಂತು. ಈಗ ಸೇತುವೆಯಿದೆ. ಮುನಿಸಿಪಾಲಿಟಿಯ ಕಚೇರಿ ಇರುವುದೂ ಅಲ್ಲಿಯೇ. ಮುನಿಸಿಪಾಲಿಟಿ ಎಂದ ಕೂಡಲೆ ನಮಗೆ ಪೇಟೆ ಪಟ್ಟಣ ನೆನಪಾಗುತ್ತದೆ. ಆದರೆ ಆ ದೇಶದಲ್ಲಿ ಹಳ್ಳಿಗಾಡಿನ ಆಡಳಿತಕ್ಕೂ ಅದೇ ಹೆಸರು. ಆದುದರಿಂದ ನಾನು ಮುನಿಸಿಪಾಲಿಟಿ ಎಂದಾಗಲೆಲ್ಲ ಗುಡ್ಡದ ಮೇಲೊಂದು, ಇಳಿಜಾರಿನಲ್ಲೊಂದು ಚದುರಿದಂತಿರುವ ಮನೆಗಳನ್ನು ನೀವು ಮನಸ್ಸಿಗೆ ತಂದುಕೊಳ್ಳಬೇಕು.

ದುಡಿಯುವ ಗಂಡಸರಲ್ಲಿ ಅನೇಕರು ಜೋಹಾನ್ಸ್‌ಬರ್ಗ್, ಡರ್ಬನ್ ಮೊದಲಾದ ನಗರಗಳಿಗೆ ಕೂಲಿಗಾಗಿ ಹೋಗುವುದು ನೂರು ವರ್ಷಕ್ಕೂ ಹಿಂದಿನಿಂದ ನಡೆದುಬಂದಿದೆ. ಮನೆ, ಮಕ್ಕಳು, ಹೊಲ, ಇವುಗಳ ಭಾರವೆಲ್ಲ ಹೆಂಗಸರ ಮೇಲಿದೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಒಂದು ಕಾಲುವೆಯ ಕಥೆ

ಈ ಒಣಭೂಮಿಯ ನಡುವೆ ಒಂದು ಹಸುರು ಪಟ್ಟಿಯಿದೆ. ೧೯ನೆಯ ಶತಮಾನ ಮುಗಿಯುವ ಹೊತ್ತಿಗೆ ಟುಗೇಲಾ ನದಿಯಿಂದ ಒಂದು ಕಾಲುವೆಯನ್ನು ತೋಡಲು ಆರಂಭಿಸಿದರು. ಅದರ ನೀರಿನಿಂದ ಇಂದು ಸುಮಾರು ೫೪೦ ಹೆಕ್ಟೇರು, ಎಂದರೆ ೧,೩೦೦ ಎಕರೆಗಿಂತ ಸ್ವಲ್ಪ ಹೆಚ್ಚು, ಸಾಗುವಳಿಗೆ ಒದಗಿದೆ. ಈ ನೆಲವನ್ನು ಏಳು ಭಾಗಗಳಾಗಿ ವಿಂಗಡಿಸಿದ್ದಾರೆ. ಒಂದೊಂದು ಮಡಿಯೂ ಸಾಧಾರಣವಾಗಿ ಒಂದು ಹೆಕ್ಟೇರಿನ ಹತ್ತನೆಯ ಒಂದು ಪಾಲು. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ಒಬ್ಬೊಬ್ಬರಿಗೆ ಒಂದೋ ಎರಡೋ ಕೆಲವು ಮಡಿಗಳೋ ಇರುತ್ತವೆ. ಹಸಿ ಜೋಳದ ತೆನೆ, ಟೊಮೇಟೊ, ಎಲೆಕೋಸು, ಗೆಣಸು, ಈರುಳ್ಳಿ ಬೆಳೆಯುತ್ತಾರೆ. ವ್ಯಾಪಾರಿಗಳು ಸಣ್ಣ ಲಾರಿಗಳಲ್ಲಿ ಹೊಲದ ಅಂಚಿಗೇ ಬಂದು ಕೊಂಡೊಯ್ಯುತ್ತಾರೆ. ಈ ಮಡಿಗಳಲ್ಲಿ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು.

ಹತ್ತು ಗುಂಟೆಯಲ್ಲಿ ಏನು ಬಂದೀತು ಎನ್ನಬೇಡಿ. ಕೂಲಿ ಸಿಕ್ಕದ ಊರಿನಲ್ಲಿ ಟೊಮೇಟೊದ ಒಂದು ಬೆಳೆ ಮಗುವಿನ ಶಾಲೆಯ ಬಟ್ಟೆಯಾಗುತ್ತದೆ, ಮನೆಯ ಉಪ್ಪು ಎಣ್ಣೆಯಾಗುತ್ತದೆ.

ನೀರಿನ ಸರದಿ ಅಲ್ಲಿಯೂ ಇದೆ. ಇಂಥ ಭಾಗಕ್ಕೆ ಇಂಥ ದಿನ ಎಂದು ಗೊತ್ತುಮಾಡಿದ್ದಾರೆ. ಭಾಗಕ್ಕೊಂದು ರೈತರ ಸಮಿತಿಯಿದೆ. ಆದರೆ ಕಾಲುವೆಯ ತಲೆಯಲ್ಲಿರುವವರು ತಮ್ಮ ದಿನವಲ್ಲದ ದಿನವೂ ನೀರು ತಿರುಗಿಸಿಕೊಂಡರೆ ಬಾಲದಲ್ಲಿರುವವರಿಗೆ ಬರಿಯ ಹೂಳು. ಈ ಕಷ್ಟವನ್ನು ಕಾಲುವೆಯ ಕೆಳಗೆ ಬೇಸಾಯ ಮಾಡಿದವರಿಗೆ ನಾನು ವಿವರಿಸಬೇಕಾಗಿಲ್ಲ.

ಈಗ ಕಾಲುವೆಯ ಕೊನೆಯಲ್ಲಿ ಎರಡು ಮಡಿ ಇರುವ ಒಬ್ಬ ಹೆಂಗಸನ್ನು ಊಹಿಸಿಕೊಳ್ಳಿ. ಗಂಡ ನಗರದಲ್ಲಿದ್ದಾನೆ. ಟೊಮೇಟೊ ಹೂ ಬಿಟ್ಟಿದೆ. ಸರದಿ ಬಂದು ಹೋಯಿತು, ನೀರು ಬರಲಿಲ್ಲ. ಆಕೆ ಯಾರನ್ನು ಕೇಳಬೇಕು? ಈ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ಮ್ಸಿಂಗಾದ ಆಡಳಿತವನ್ನೆಲ್ಲ ಒಂದು ಸುತ್ತು ನೋಡಿ ಬರೋಣ.

ಹಿಂದೆ ಹೇಗಿತ್ತು

ಮೊದಲು ಹಿಂದಿನ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ೧೯ನೆಯ ಶತಮಾನದ ನಡುವೆ ನಟಾಲ್ ಬ್ರಿಟಿಷರ ವಸಾಹತಾಗಿತ್ತು. ಒಳ್ಳೆಯ ನೆಲವನ್ನು ಬಿಳಿಯರಿಗೆ ಬಿಟ್ಟು, ಕಪ್ಪು ಜನರನ್ನು ಕೆಲವು ಗೊತ್ತಾದ ಸೀಮೆಗಳಲ್ಲಿ ಇರಿಸಿದರು. ಮ್ಸಿಂಗಾ ಅಂಥದೊಂದು ಸೀಮೆ. ಅಲ್ಲಿ ಕುಲದ ಮುಖ್ಯಸ್ಥರ ಮೂಲಕ ಆಡಳಿತ. ಅವರ ಮೇಲೆ ಬಿಳಿಯ ಮ್ಯಾಜಿಸ್ಟ್ರೇಟ್. ತೆರಿಗೆ ಕೊಡುವುದು ಜನರ ಪಾಲಿಗೆ, ತೀರ್ಮಾನಿಸುವುದು ಸರ್ಕಾರದ ಪಾಲಿಗೆ.

ಗುಡಿಸಲಿಗೆ ಇಷ್ಟೆಂದು ಮೊದಲೇ ತೆರಿಗೆಯಿತ್ತು. ಅದರ ಮೇಲೆ ೧೯೦೫ರಲ್ಲಿ ತಲೆಗೆ ಒಂದು ಪೌಂಡಿನಂತೆ ಇನ್ನೊಂದು ತೆರಿಗೆಯನ್ನು ಹಾಕಿದರು. ದಂಗೆಯೆದ್ದಿತು. ಮ್ಸಿಂಗಾದ ದಕ್ಷಿಣಕ್ಕೆ, ಗ್ರೇಟೌನಿನ ಹತ್ತಿರದ ಕಣಿವೆಯಲ್ಲಿ ಝೋಂಡಿ ಕುಲದ ಮುಖ್ಯಸ್ಥನಾಗಿದ್ದ ಬಂಬಾಥಾ ೧೯೦೬ರಲ್ಲಿ ಅದರ ಮುಂದಾಳಾದ. ಸರ್ಕಾರ ಸೈನ್ಯವನ್ನು ಕಳಿಸಿ ಅಡಗಿಸಿತು. ಝುಲು ಜನ ೩,೦೦೦ಕ್ಕೂ ಹೆಚ್ಚು ಮಂದಿ ಸತ್ತರು. ಆಗ ದಕ್ಷಿಣ ಆಫ್ರಿಕದಲ್ಲಿದ್ದ ನಮ್ಮ ಗಾಂಧೀಜಿಯವರು ಇಪ್ಪತ್ತಕ್ಕೂ ಹೆಚ್ಚು ಮಂದಿ ಭಾರತೀಯರ ಒಂದು ಶುಶ್ರೂಷಾ ತಂಡವನ್ನು ಕಟ್ಟಿಕೊಂಡು ಹೋಗಿದ್ದರು. ಸೈನ್ಯದ ಜೊತೆ ಹೋದ ಆ ತಂಡದ ಪಾಲಿಗೆ ಬಂದ ಮುಖ್ಯ ಕೆಲಸ, ಛಡಿ ಏಟು ತಿಂದು ಗಾಯಗೊಂಡಿದ್ದ ಝುಲು ಜನರ ಆರೈಕೆ. ಬಿಳಿಯರು ಆ ಗಾಯಾಳುಗಳ ಶುಶ್ರೂಷೆ ಮಾಡಲು ಸಿದ್ಧರಿರಲಿಲ್ಲವೆಂದು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ.

೧೯೧೩ರಲ್ಲಿ ಬಂದ ಭೂಮಿ ಕಾಯ್ದೆ ದೇಶದ ನೆಲದಲ್ಲಿ ನೂರಕ್ಕೆ ಸುಮಾರು ಏಳು ಪಾಲನ್ನು ಮಾತ್ರ ಕಪ್ಪು ಜನರಿಗೆಂದು ಗುರುತಿಸಿತು. ೧೯೩೬ರ ಕಾಯ್ದೆ ಅದನ್ನು ಹದಿಮೂರರ ಹತ್ತಿರಕ್ಕೆ ಏರಿಸಬಹುದೆಂದಿತು. ಬಳಿಕ ವರ್ಣಭೇದದ ಸರ್ಕಾರ ೧೯೫೧ರ ಕಾಯ್ದೆಯ ಮೂಲಕ ಕುಲದ ಮುಖ್ಯಸ್ಥರನ್ನು ತನ್ನ ಕೈಕೆಳಗಿನ ಅಧಿಕಾರಿಗಳಂತೆ ಮಾಡಿಕೊಂಡಿತು. ೧೯೬೦ರ ದಶಕದ ಕೊನೆಯಿಂದ ಸುತ್ತಣ ಬಿಳಿಯರ ಜಮೀನುಗಳಲ್ಲಿ ಜೀತದಂತೆ ದುಡಿಯುತ್ತಿದ್ದ ಸಾವಿರಾರು ಕುಟುಂಬಗಳನ್ನು ಒಕ್ಕಲೆಬ್ಬಿಸಿದರು. ಅವರಲ್ಲಿ ಅನೇಕರು ಮ್ಸಿಂಗಾಕ್ಕೆ ಬಂದು ಸೇರಿದರು. ಇದ್ದ ನೆಲವೇ ಸಾಲದು, ಬಂದವರು ಮತ್ತಷ್ಟು. ಗಡಿಗಾಗಿ, ಮೇವಿಗಾಗಿ ಕುಲ ಕುಲಗಳ ನಡುವೆ ರಕ್ತ ಹರಿಯುವ ಜಗಳಗಳಾದವು. ಹೊರಗಿನವರು ಅದನ್ನು ಆ ಜನರ ಸ್ವಭಾವವೆಂದರು. ನೆಲದ ಇಕ್ಕಟ್ಟನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಓಟು ಬಂತು, ಸಭೆ ಬಂತು

೧೯೯೪ರ ಏಪ್ರಿಲ್ ೨೭ರಂದು ಎಲ್ಲ ಬಣ್ಣದ ಜನರೂ ಓಟು ಹಾಕಿದ ಮೊದಲ ಚುನಾವಣೆ ನಡೆಯಿತು. ೧೯೯೬ರಲ್ಲಿ ಹೊಸ ರಾಜ್ಯಾಂಗ ಬಂತು. ಅದರ ಏಳನೆಯ ಅಧ್ಯಾಯವೆಲ್ಲ ಸ್ಥಳೀಯ ಆಡಳಿತಕ್ಕೇ ಮೀಸಲು. ಜನರಿಗೆ ಉತ್ತರ ಹೇಳುವ ಆಡಳಿತವನ್ನು ಕೊಡುವುದು, ಸೌಕರ್ಯಗಳನ್ನು ಒದಗಿಸುವುದು, ಆಡಳಿತದಲ್ಲಿ ಜನರು ಭಾಗವಹಿಸುವಂತೆ ಮಾಡುವುದು ಇವೆಲ್ಲ ಮುನಿಸಿಪಾಲಿಟಿಯ ಗುರಿಗಳೆಂದು ಅಲ್ಲಿ ಬರೆದಿದೆ.

ಮೊದಲು ಪಟ್ಟಣಗಳಿಗಷ್ಟೇ ಸರಿಯಾದ ಪೌರಾಡಳಿತವಿತ್ತು. ೨೦೦೦ದ ಡಿಸೆಂಬರ್ ೫ರ ಚುನಾವಣೆಯಿಂದ ದೇಶದ ಒಂದಂಗುಲ ನೆಲವೂ ಹೊರಗುಳಿಯದಂತೆ ಮುನಿಸಿಪಾಲಿಟಿಗಳಾದವು. ಆಗ ಅವು ಒಟ್ಟು ೨೮೪. ೨೦೧೬ರಲ್ಲಿ ಕೆಲವನ್ನು ಸೇರಿಸಿ ೨೫೭ ಮಾಡಿದರು. ಹೀಗೆ ಮ್ಸಿಂಗಾದ ರೈತನಿಗೆ ತಾನೇ ಆರಿಸಿದ ಒಂದು ಸಭೆ ದೊರೆಯಿತು. ತೆರಿಗೆಗಾಗಿ ಅವನ ಅಜ್ಜ ಸತ್ತ ನೆಲದಲ್ಲಿ ಇದು ಸಣ್ಣ ಮಾತಲ್ಲ.

ಐದು ವರ್ಷಕ್ಕೊಮ್ಮೆ ಚುನಾವಣೆ. ಮತದಾರನ ಕೈಗೆ ಮೂರು ಚೀಟಿ ಕೊಡುತ್ತಾರೆ. ಒಂದು ತನ್ನ ವಾರ್ಡಿನ ಸದಸ್ಯನಿಗೆ. ಎರಡನೆಯದು ಮುನಿಸಿಪಾಲಿಟಿಗಾಗಿ ಒಂದು ಪಕ್ಷಕ್ಕೆ. ಮೂರನೆಯದು ಜಿಲ್ಲಾ ಸಭೆಗಾಗಿ ಒಂದು ಪಕ್ಷಕ್ಕೆ. ಸದಸ್ಯರಲ್ಲಿ ಅರ್ಧದಷ್ಟು ಮಂದಿ ವಾರ್ಡುಗಳಿಂದ, ಉಳಿದವರು ಪಕ್ಷಗಳ ಪಟ್ಟಿಯಿಂದ ಬರುತ್ತಾರೆ. ಮೇಯರನ್ನು ಸದಸ್ಯರು ಆರಿಸುತ್ತಾರೆ. ಸಭೆ ನಡೆಸಲು ಸ್ಪೀಕರ್ ಇದ್ದಾರೆ. ಕಚೇರಿಯ ಕೆಲಸಕ್ಕೂ ಲೆಕ್ಕಕ್ಕೂ ಮುನಿಸಿಪಲ್ ಮ್ಯಾನೇಜರ್ ಎಂಬ ಸಂಬಳದ ಅಧಿಕಾರಿ ಜವಾಬುದಾರ.

ಯಾವುದು ಯಾರ ಕೆಲಸ

ಸಭೆಯೇನೋ ಬಂತು. ಆದರೆ ಸಭೆಯ ಕೈಯಲ್ಲಿ ಏನಿದೆ? ಇದನ್ನು ಗಮನವಿಟ್ಟು ಕೇಳಿ.

ಕುಡಿಯುವ ನೀರು ಮ್ಸಿಂಗಾ ಮುನಿಸಿಪಾಲಿಟಿಯ ಕೆಲಸವಲ್ಲ. ಅದು ಉಮ್ಝಿನ್ಯಾತಿ ಜಿಲ್ಲಾ ಮುನಿಸಿಪಾಲಿಟಿಯ ಕೆಲಸ. ಅದರ ಕಚೇರಿ ಡಂಡೀ ಪಟ್ಟಣದಲ್ಲಿದೆ. ಮ್ಸಿಂಗಾವಲ್ಲದೆ ಇನ್ನೂ ಮೂರು ಸ್ಥಳೀಯ ಮುನಿಸಿಪಾಲಿಟಿಗಳು ಅದರ ಕೆಳಗಿವೆ. ಗ್ರೇಟೌನಿನಿಂದ ಟುಗೇಲಾ ಫೆರಿಯ ಮೂಲಕ ಡಂಡೀಗೆ ಹೋಗುವ ಹೆದ್ದಾರಿ ಪ್ರಾಂತ ಸರ್ಕಾರದ್ದು. ಊರೊಳಗಿನ ಸಣ್ಣ ರಸ್ತೆ ಮುನಿಸಿಪಾಲಿಟಿಯದು. ವಿದ್ಯುತ್ತನ್ನು ಕೊಡುವುದು ಎಸ್ಕಾಮ್ ಎಂಬ ರಾಷ್ಟ್ರದ ಸಂಸ್ಥೆ. ಶಾಲೆ, ಆಸ್ಪತ್ರೆ, ಬೇಸಾಯದ ಸಲಹೆ ಪ್ರಾಂತದ್ದು. ನದಿಯ ನೀರನ್ನು ಹಂಚುವ ಅಧಿಕಾರ ರಾಷ್ಟ್ರ ಸರ್ಕಾರದ್ದು. ಮುನಿಸಿಪಾಲಿಟಿಯ ಪಾಲಿಗೆ ಮುಖ್ಯವಾಗಿ ಉಳಿಯುವುದು ಸಣ್ಣ ರಸ್ತೆ, ಸಮುದಾಯ ಭವನ, ಪೇಟೆಯ ಕಸ, ಮಾರುಕಟ್ಟೆ, ಆಟದ ಬಯಲು, ಸ್ಮಶಾನ ಇಂಥವು. ಇವುಗಳೊಡನೆ ಎಲ್ಲ ಇಲಾಖೆಗಳ ಕೆಲಸವನ್ನೂ ಒಂದು ಯೋಜನೆಯಲ್ಲಿ ಹೊಂದಿಸಬೇಕಾದ ಹೊಣೆ.

ನಮ್ಮ ಹೆಂಗಸು ಓಟು ಹಾಕಿದ್ದು ವಾರ್ಡಿನ ಸದಸ್ಯನಿಗೆ. ಕಾಲುವೆ ಒಣಗಿದಾಗ ಅವನ ಬಳಿಗೆ ಹೋದರೆ "ಇದು ನಮ್ಮ ಕೈಯಲ್ಲಿಲ್ಲ" ಎಂದು ಅವನು ಹೇಳಬಹುದು. ಅದು ಸುಳ್ಳೂ ಅಲ್ಲ. ಒಂದೊಂದು ಕಚೇರಿಯೂ ತನ್ನ ಮಟ್ಟಿಗೆ ನಿಜವನ್ನೇ ಹೇಳುತ್ತದೆ. ಅಷ್ಟರಲ್ಲಿ ಟೊಮೇಟೊ ಒಣಗುತ್ತದೆ.

ನೆಲ ಯಾರದು

ಇನ್ನು ನೆಲದ ವಿಚಾರ. ಮ್ಸಿಂಗಾದ ನೆಲದಲ್ಲಿ ಮೂರನೆಯ ಎರಡು ಪಾಲಿಗಿಂತ ಹೆಚ್ಚು ಇಂಗೊನ್ಯಾಮಾ ಟ್ರಸ್ಟಿನ ಹೆಸರಿನಲ್ಲಿದೆ. ಇಂಗೊನ್ಯಾಮಾ ಎಂದರೆ ಸಿಂಹ. ಝುಲು ದೊರೆಗೆ ಸಲ್ಲುವ ಬಿರುದು. ೧೯೯೪ರ ಚುನಾವಣೆಗೆ ಕೆಲವೇ ದಿನ ಮುಂಚೆ ಮಾಡಿದ ಕಾಯ್ದೆಯಿಂದ ಈ ಟ್ರಸ್ಟ್ ಹುಟ್ಟಿತು. ಪ್ರಾಂತದಲ್ಲಿ ಸುಮಾರು ೨೮ ಲಕ್ಷ ಹೆಕ್ಟೇರು ನೆಲ ಅದರ ವಶಕ್ಕೆ ಬಂತು. ದೊರೆಯೇ ಏಕೈಕ ಧರ್ಮದರ್ಶಿ. ಕೆಲಸ ನೋಡಲು ಒಂದು ಮಂಡಲಿಯಿದೆ.

ಆದರೆ ಕಾಗದದ ಮಾತು ಬೇರೆ, ಊರಿನ ರೂಢಿ ಬೇರೆ. ಊರಿನಲ್ಲಿ ನೆಲ ಸಿಕ್ಕುವ ಬಗೆ ಹೀಗಿದೆ. ಹೊಸಬನೊಬ್ಬನಿಗೆ ಮನೆ ಕಟ್ಟಲು ಜಾಗ ಬೇಕಾದರೆ ಮೊದಲು ನೆರೆಯವರು ಒಪ್ಪಬೇಕು. ಅವನು ಎಂಥವನು, ಎಲ್ಲಿಂದ ಬಂದ ಎಂದು ವಿಚಾರಿಸುತ್ತಾರೆ. ಬಳಿಕ ಇಂಡುನಾ ಬಂದು ನೆರೆಯವರ ಎದುರಿನಲ್ಲೇ ಗಡಿ ತೋರಿಸುತ್ತಾನೆ. ಇಂಡುನಾ ಎಂದರೆ ನಮ್ಮ ಹಿಂದಿನ ಪಟೇಲರಂಥವನು. ಒಂದು ಇಸಿಗೋಡಿಗೆ, ಎಂದರೆ ಒಂದು ಉಪಗ್ರಾಮಕ್ಕೆ, ಒಬ್ಬ. ಅವನ ಮೇಲೆ ಇಂಕೋಸಿ, ಕುಲದ ಮುಖ್ಯಸ್ಥ. ಹೊಸಬ ಕಾಣಿಕೆ ಕೊಟ್ಟು ಇಂಕೋಸಿಗೆ ನಿಷ್ಠೆ ಹೇಳಿಕೊಳ್ಳಬೇಕು. ಮ್ಸಿಂಗಾದಲ್ಲಿ ಇಂಥ ಆರು ಕುಲಾಡಳಿತಗಳಿವೆ. ಮ್ಚುನು ಮತ್ತು ಮ್ಥೆಂಬು ಅವುಗಳಲ್ಲಿ ದೊಡ್ಡವು. ಕಟಾವಾದ ಮೇಲೆ ಹೊಲಗಳೆಲ್ಲ ಊರಿನ ದನ ಮೇಕೆಗಳ ಮೇವಿಗೆ ತೆರೆದಿರುತ್ತವೆ. ಬಿತ್ತನೆಯ ಕಾಲಕ್ಕೆ ದನಗಳನ್ನು ಹೊಲಗಳಿಂದ ದೂರವಿಡಬೇಕು. ಇಂಥ ಕಟ್ಟುಗಳನ್ನು ಕಾಪಾಡುವವರೂ ಇವರೇ. ಗಡಿಯ ಜಗಳ, ಬೆಳೆ ಮೇಯಿಸಿದ ಜಗಳ ಮೊದಲು ಹೋಗುವುದು ಇಂಡುನಾನ ಮುಂದೆ.

ಈ ರೂಢಿಯಲ್ಲಿ ಒಳ್ಳೆಯದೂ ಇದೆ. ನೆಲವನ್ನು ಮಾರಿ ಸಾಲಗಾರನ ಪಾಲುಮಾಡುವಂತಿಲ್ಲ. ಬಡವನಿಗೂ ಒಂದು ತುಂಡು ಸಿಕ್ಕುತ್ತದೆ. ನ್ಯಾಯ ಹತ್ತಿರದಲ್ಲಿ, ತಮ್ಮ ಮಾತಿನಲ್ಲಿ ದೊರೆಯುತ್ತದೆ. ಕೊರತೆಯೂ ಇದೆ. ಕೈಯಲ್ಲಿ ಪತ್ರವಿಲ್ಲ. ಮೇಲಿನವರು ನಿಯಮ ಬದಲಿಸಿದರೆ ಹಿಡಿದು ತೋರಿಸಲು ಏನೂ ಇಲ್ಲ.

ಹಾಗೆ ಆಗಿಯೂ ಆಯಿತು. ತಲೆತಲಾಂತರದಿಂದ ನೆಲದಲ್ಲಿದ್ದವರಿಂದ ಟ್ರಸ್ಟು ಗುತ್ತಿಗೆ ಪತ್ರ ಬರೆಸಿಕೊಂಡು ವರ್ಷ ವರ್ಷ ಬಾಡಿಗೆ ಕೇಳತೊಡಗಿತು. ಅಂದರೆ ಅಜ್ಜನ ಮನೆಗೆ ಮೊಮ್ಮಗ ಬಾಡಿಗೆದಾರ. ಪ್ರಾಂತದ ಕೆಲವು ನಿವಾಸಿಗಳೂ ಗ್ರಾಮೀಣ ಮಹಿಳೆಯರ ಒಂದು ಸಂಸ್ಥೆಯೂ ಇತರರೊಡನೆ ಸೇರಿ ನ್ಯಾಯಾಲಯಕ್ಕೆ ಹೋದರು. ೨೦೨೧ರ ಜೂನ್ ತಿಂಗಳಲ್ಲಿ ಪೀಟರ್‌ಮಾರಿಟ್ಸ್‌ಬರ್ಗಿನ ಹೈಕೋರ್ಟು ಆ ಗುತ್ತಿಗೆಗಳು ಕಾನೂನಿಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಟ್ರಸ್ಟು ನೆಲವನ್ನು ಹಿಡಿದಿರುವುದು ಜನರಿಗಾಗಿ, ನಿಜವಾದ ಹಕ್ಕು ಅಲ್ಲಿ ಬಾಳುವವರದೇ ಎಂದು ಹೇಳಿ, ತೆಗೆದುಕೊಂಡ ಬಾಡಿಗೆಯನ್ನು ಹಿಂದಿರುಗಿಸಬೇಕೆಂದು ಆಜ್ಞೆ ಮಾಡಿತು.

ಎರಡು ಗಡಿ, ಎರಡು ಮಾತು

ಈಗ ನೋಡಿ: ಓಟು ಪಡೆದ ಸದಸ್ಯನೊಬ್ಬ, ವಂಶದಿಂದ ಬಂದ ಇಂಕೋಸಿಯೊಬ್ಬ. ಇಬ್ಬರೂ ಅದೇ ಜನರ ಮುಂದಾಳುಗಳು. ವಾರ್ಡಿನ ಗಡಿಯನ್ನು ಮತದಾರರ ಸಂಖ್ಯೆ ನೋಡಿ ಒಂದು ಸರ್ಕಾರಿ ಮಂಡಲಿ ಎಳೆಯುತ್ತದೆ. ಇಸಿಗೋಡಿಯ ಗಡಿಯನ್ನು ಹಿರಿಯರು ಬಲ್ಲರು: ಈ ಹಳ್ಳ, ಆ ಬಂಡೆ, ಆ ಮರ. ಇವೆರಡೂ ಒಂದಕ್ಕೊಂದು ಕೂಡುವುದಿಲ್ಲ. ಸದಸ್ಯ ಒಂದು ಭವನ ಮಂಜೂರು ಮಾಡಿಸಿ ತಂದರೂ ಅದಕ್ಕೆ ಜಾಗ ಕೊಡಬೇಕಾದವರು ಇಂಕೋಸಿ ಮತ್ತು ಟ್ರಸ್ಟು. ಅವರಿಬ್ಬರಿಗೂ ಮನಸ್ತಾಪವಾದರೆ ಹಣ ಬಂದೂ ಕಟ್ಟಡ ಏಳುವುದಿಲ್ಲ.

ಕಾನೂನು ಇದಕ್ಕೆ ಒಂದು ಸೇತುವೆಯನ್ನು ಕಟ್ಟಲು ನೋಡಿದೆ. ಮುನಿಸಿಪಾಲಿಟಿಯ ಸಭೆಯಲ್ಲಿ ಕುಲದ ಮುಖ್ಯಸ್ಥರು ಕುಳಿತು ಮಾತನಾಡಬಹುದು; ಅವರ ಸಂಖ್ಯೆ ಸದಸ್ಯರಲ್ಲಿ ನೂರಕ್ಕೆ ಇಪ್ಪತ್ತನ್ನು ಮೀರಕೂಡದು; ಓಟಿಲ್ಲ. ಇತ್ತ ಇಂಕೋಸಿಯ ಕುಲಸಭೆಯನ್ನೂ ೨೦೦೩ರ ಕಾಯ್ದೆ ಬದಲಿಸಿತು. ಅದರಲ್ಲಿ ನೂರಕ್ಕೆ ನಲವತ್ತು ಮಂದಿ ಜನರಿಂದ ಚುನಾಯಿತರಾಗಿರಬೇಕು, ಒಟ್ಟಿನಲ್ಲಿ ಮೂರನೆಯ ಒಂದು ಪಾಲಾದರೂ ಹೆಂಗಸರಿರಬೇಕು ಎಂದಿತು. ಕಾಗದದಲ್ಲಿ ಸೇತುವೆ ಚೆನ್ನಾಗಿದೆ. ಅದರ ಮೇಲೆ ನಡೆಯುವವರು ಪರಸ್ಪರ ಗೌರವದಿಂದ ನಡೆದುಕೊಂಡಲ್ಲಿ ಮಾತ್ರ ಅದು ಭಾರ ಹೊರುತ್ತದೆ.

ಹಣದ ವಿಚಾರ

ಮ್ಸಿಂಗಾ ಮುನಿಸಿಪಾಲಿಟಿ ತಾನೇ ವಸೂಲು ಮಾಡುವ ಹಣ ಅತ್ಯಲ್ಪ. ದೊಡ್ಡ ಪೇಟೆಯಿಲ್ಲ, ಕಾರ್ಖಾನೆಯಿಲ್ಲ, ಬಡವರ ಮನೆಗಳಿಂದ ಕಂದಾಯ ಬರುವಂತಿಲ್ಲ. ಖರ್ಚಿನ ಬಹುಪಾಲು ರಾಷ್ಟ್ರ ಸರ್ಕಾರ ಕಳಿಸುವ ಹಣದಿಂದ ನಡೆಯುತ್ತದೆ. ಅದರಲ್ಲಿ ಒಂದು, ರಾಷ್ಟ್ರದ ವರಮಾನದಲ್ಲಿ ರಾಜ್ಯಾಂಗವೇ ಕೊಡಿಸಿರುವ ನ್ಯಾಯವಾದ ಪಾಲು. ಇನ್ನೊಂದು, ರಸ್ತೆ ಮೊದಲಾದ ಕಾಮಗಾರಿಗಳಿಗೆಂದೇ ಬರುವ ಸಹಾಯಧನ. ಬಡ ಪ್ರದೇಶಕ್ಕೆ ಇದು ಬೇಕೇ ಬೇಕು. ನೂರು ವರ್ಷ ಕಿತ್ತುಕೊಂಡಲ್ಲಿಗೆ ಈಗ ಕೊಡುವುದು ದಾನವಲ್ಲ.

ಆದರೆ ಇದರಿಂದ ಒಂದು ತೊಡಕಿದೆ. ಹಣ ಎಲ್ಲಿಂದ ಬರುತ್ತದೋ ಕಚೇರಿಯ ಕಣ್ಣು ಅಲ್ಲಿಗೇ ತಿರುಗಿರುತ್ತದೆ. ರಾಜಧಾನಿಗೆ ಕಳಿಸುವ ವರದಿ ಹೊತ್ತಿಗೆ ಸರಿಯಾಗಿ ಸಿದ್ಧವಾಗುತ್ತದೆ. ಹಳ್ಳಿಯವನಿಗೆ ಕೊಡಬೇಕಾದ ಉತ್ತರ ನಾಳೆಗೆ ಉಳಿಯುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆ ಅಲ್ಲಿಯವರಿಗೂ ಚೆನ್ನಾಗಿ ಅರ್ಥವಾದೀತು. ಆದಕಾರಣ ಹಣವನ್ನು ಕೊಟ್ಟವರಷ್ಟೇ ಅಲ್ಲ, ಯಾರ ಹೆಸರಿನಲ್ಲಿ ಹಣ ಬಂತೋ ಅವರೂ ಲೆಕ್ಕ ಕೇಳಬೇಕು.

ರೋಗ ಗಡಿ ನೋಡುವುದಿಲ್ಲ

ಕೆಲಸ ಹಂಚಿಹೋದಾಗ ಏನಾಗಬಹುದೆಂಬುದನ್ನು ಮ್ಸಿಂಗಾ ಒಮ್ಮೆ ಬಹಳ ಕಠಿಣವಾಗಿ ಕಲಿಯಿತು. ೨೦೦೫-೦೬ರಲ್ಲಿ ಟುಗೇಲಾ ಫೆರಿಯ ಆಸ್ಪತ್ರೆಯಲ್ಲಿ ಮದ್ದುಗಳಿಗೆ ಬಗ್ಗದ ಒಂದು ಬಗೆಯ ಕ್ಷಯರೋಗ ಕಾಣಿಸಿಕೊಂಡಿತು. ಅಂಥ ೫೩ ರೋಗಿಗಳಲ್ಲಿ ೫೨ ಮಂದಿ ತೀರಿಕೊಂಡರು. ಇವರಲ್ಲಿ ಪರೀಕ್ಷೆಗೆ ಒಳಗಾದವರೆಲ್ಲರಿಗೂ ಎಚ್‌ಐವಿ ಸೋಂಕು ಮೊದಲೇ ಇತ್ತು. ಒಂದು ಹಳ್ಳಿಗಾಡಿನ ಆಸ್ಪತ್ರೆಯ ಹೆಸರು ಜಗತ್ತಿನ ವೈದ್ಯರ ಬಾಯಲ್ಲೆಲ್ಲ ಬಂತು.

ಆಸ್ಪತ್ರೆ ಪ್ರಾಂತದ್ದು ನಿಜ. ಆದರೆ ರೋಗಿ ಆಸ್ಪತ್ರೆಗೆ ಬರುವ ರಸ್ತೆ ಒಬ್ಬರದು, ಅವನ ಮನೆಯ ನೀರು ಇನ್ನೊಬ್ಬರದು, ಅವನನ್ನು ಕೂಲಿಗೆಂದು ನಗರಕ್ಕೆ ಅಟ್ಟಿದ ಬಡತನ ಎಲ್ಲರದು. ರೋಗ ಇವಾವ ಗಡಿಯನ್ನೂ ನೋಡಲಿಲ್ಲ. ಮುಂದೆ ವಾರ್ಡುಗಳಲ್ಲಿ ಗಾಳಿ ಆಡುವಂತೆ ಮಾಡಿ, ಕಫ ಪರೀಕ್ಷೆಯನ್ನು ಹೆಚ್ಚಿಸಿ, ಚಿಕಿತ್ಸೆಯನ್ನು ರೋಗಿಯ ಮನೆಯ ಹತ್ತಿರಕ್ಕೇ ಒಯ್ದಾಗ ಸ್ಥಿತಿ ಸುಧಾರಿಸತೊಡಗಿತು. ಹೀಗೆ ಮನೆಮನೆಗೂ ಮುಟ್ಟಬೇಕಾದ ಕೆಲಸಕ್ಕೆ ಊರಿನವರ ನೆರವು ಬೇಕೇ ಬೇಕು.

ಬಾಗಿಲು ಎಲ್ಲಿದೆ

ಹಾಗಾದರೆ ಮ್ಸಿಂಗಾದ ರೈತನಿಗೆ ದಾರಿಯೇ ಇಲ್ಲವೆ? ಇದೆ. ಕಾನೂನು ಕೆಲವು ಬಾಗಿಲುಗಳನ್ನು ತೆರೆದಿಟ್ಟಿದೆ.

ಮೊದಲನೆಯದು ವಾರ್ಡು ಸಮಿತಿ. ಸದಸ್ಯನೇ ಅದರ ಅಧ್ಯಕ್ಷ. ಊರಿನವರು ಹತ್ತು ಜನರವರೆಗೆ ಇರಬಹುದು. ಅದು ಸಲಹೆ ಕೊಡುವ ಸಮಿತಿ, ಆಜ್ಞೆ ಮಾಡುವುದಲ್ಲ. ಆದರೂ ಅಲ್ಲಿ ದಾಖಲಾದ ಮಾತು ಕಚೇರಿಗೆ ಹೋಗುತ್ತದೆ.

ಎರಡನೆಯದು ಐದು ವರ್ಷದ ಸಮಗ್ರ ಅಭಿವೃದ್ಧಿ ಯೋಜನೆ. ಪ್ರತಿ ವರ್ಷ ಅದನ್ನು ಪರಿಶೀಲಿಸಬೇಕು. ಅವರ ಹಣಕಾಸಿನ ವರ್ಷ ಜುಲೈ ೧ರಂದು ಆರಂಭವಾಗುತ್ತದೆ. ಅದಕ್ಕೆ ೯೦ ದಿನ ಮೊದಲೇ ಆಯವ್ಯಯದ ಕರಡನ್ನು ಸಭೆಯ ಮುಂದಿಟ್ಟು, ಜನರಿಗೆ ತೋರಿಸಿ, ಅವರ ಅಭಿಪ್ರಾಯ ಕೇಳಬೇಕು. ಅಂದರೆ ಏಪ್ರಿಲ್ ಮೇ ತಿಂಗಳಲ್ಲಿ ಬಾಯಿ ತೆರೆದವನ ರಸ್ತೆಗೆ ಜಾಗವುಂಟು. ಆಗಸ್ಟಿನಲ್ಲಿ ಗೊಣಗಿದವನು ಮುಂದಿನ ವರ್ಷಕ್ಕೆ ಕಾಯಬೇಕು. ಕಾಲುವೆಯ ನೀರು ಮುನಿಸಿಪಾಲಿಟಿಯ ಕೈಯಲ್ಲಿಲ್ಲದಿದ್ದರೂ ಈ ಯೋಜನೆಯ ಪುಸ್ತಕದಲ್ಲಿ ಅದನ್ನು ಬರೆಸಬಹುದು. ಬರೆಸಿದರೆ ಪ್ರಾಂತದ ಇಲಾಖೆಯನ್ನು ಕೇಳಲು ಒಂದು ಆಧಾರ ಸಿಕ್ಕುತ್ತದೆ.

ಮೂರನೆಯದು ಸಭೆ. ಮುನಿಸಿಪಾಲಿಟಿಯ ಸಭೆಗಳು ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರಬೇಕು. ಇದಲ್ಲದೆ ಇಂಬಿಝೋ ಎಂಬ ಬಹಿರಂಗ ಕೂಟವನ್ನು ಕರೆಯುವ ಪದ್ಧತಿ ಝುಲು ಜನರಲ್ಲಿ ಹಳೆಯದು. ಈಗ ಮೇಯರುಗಳೂ ಅದೇ ಹೆಸರಿನಲ್ಲಿ ಜನರನ್ನು ಕೂಡಿಸುತ್ತಾರೆ.

ನಾಲ್ಕನೆಯದು ಲೆಕ್ಕ. ರಾಷ್ಟ್ರದ ಮಹಾಲೆಕ್ಕ ಪರಿಶೋಧಕರು ಪ್ರತಿ ವರ್ಷ ಲೆಕ್ಕ ಪರೀಕ್ಷೆ ಮಾಡುತ್ತಾರೆ. ವರ್ಷ ಮುಗಿದ ಏಳು ತಿಂಗಳೊಳಗೆ ವಾರ್ಷಿಕ ವರದಿ ಸಭೆಯ ಮುಂದೆ ಬರಬೇಕು, ಜನರಿಗೆ ಸಿಕ್ಕಬೇಕು.

ಬಾಗಿಲು ತೆರೆದಿರುವುದು ಬೇರೆ, ಒಳಗೆ ಹೋಗುವುದು ಬೇರೆ. ಹೊಲದ ಕೆಲಸ ಬಿಟ್ಟು, ಬಂಡಿ ಬಾಡಿಗೆ ಕೊಟ್ಟು ಸಭೆಗೆ ಹೋಗುವುದು ಬಡವನಿಗೆ ಕಷ್ಟ. ವರದಿ ಇಂಗ್ಲಿಷಿನಲ್ಲಿದ್ದರೆ ಓದುವವರಾರು? ಆದುದರಿಂದ ಒಬ್ಬೊಬ್ಬರೇ ಹೋಗುವುದಕ್ಕಿಂತ ಕಾಲುವೆಯ ಸಮಿತಿಯವರು ಓದು ಬಲ್ಲ ಇಬ್ಬರನ್ನು ಗೊತ್ತುಮಾಡಿ ಕಳಿಸುವುದು ಲೇಸು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬುದನ್ನು ಮರೆಯಬಾರದು.

ಹೆಂಗಸರು ಬದಲಿಸಿದ ಒಂದು ಕಟ್ಟಳೆ

ಮಾತನಾಡಿದರೆ ಏನಾದೀತು ಎಂದು ಬೇಸರಪಡುವವರಿಗೆ ಮ್ಸಿಂಗಾದ್ದೇ ಒಂದು ನಿದರ್ಶನವನ್ನು ಹೇಳುತ್ತೇನೆ. ಹಿಂದೆ ಅಲ್ಲಿ ಮನೆಯ ಜಾಗವನ್ನು ಗಂಡಸಿನ ಹೆಸರಿಗೆ ಮಾತ್ರ ಕೊಡುತ್ತಿದ್ದರು. ಕೂಲಿಯಿಲ್ಲದೆ, ವಧುವಿನ ಮನೆಗೆ ಕೊಡಬೇಕಾದ ಗೋವುಗಳಿಲ್ಲದೆ ಮದುವೆಗಳು ಕಡಿಮೆಯಾದವು. ಮದುವೆಯಾಗದೆಯೇ ಮಕ್ಕಳನ್ನು ಸಾಕುವ ಹೆಂಗಸರು ಹೆಚ್ಚಿದರು. ತಂದೆ ತೀರಿಕೊಂಡ ಮೇಲೆ ಅಣ್ಣ ತಮ್ಮಂದಿರು ಹೊರಗೆ ಹಾಕಿದರೆ ಅವರು ಎಲ್ಲಿಗೆ ಹೋಗಬೇಕು?

೨೦೦೦ದ ದಶಕದ ಕೊನೆಯ ವರ್ಷಗಳಲ್ಲಿ ಮ್ಚುನು ಮತ್ತು ಮ್ಥೆಂಬು ಸೀಮೆಗಳಲ್ಲಿ ಈ ಪ್ರಶ್ನೆಯನ್ನು ಹೆಂಗಸರು, ಗಂಡಸರು, ಇಂಡುನಾಗಳು ಒಟ್ಟಿಗೆ ಕೂತು ಅನೇಕ ಸಭೆಗಳಲ್ಲಿ ಚರ್ಚಿಸಿದರು. ಊರಿನಲ್ಲಿ ಕೆಲಸ ಮಾಡುತ್ತಿದ್ದ ಒಂದು ಸಣ್ಣ ಸಂಸ್ಥೆ ಅವರನ್ನು ಕೂಡಿಸಲು ನೆರವಾಯಿತು. ಕೊನೆಗೆ ಮಕ್ಕಳಿರುವ ಒಂಟಿ ಹೆಂಗಸಿಗೂ ಆಕೆಯ ಹೆಸರಿನಲ್ಲೇ ಜಾಗ ಕೊಡಬಹುದೆಂದು ಒಪ್ಪಿದರು. ರಾಜಧಾನಿಯಿಂದ ಆಜ್ಞೆ ಬಂದು ಆದ ಕೆಲಸವಲ್ಲ ಇದು. ಸ್ತ್ರೀ ಪುರುಷರು ಸಮಾನರೆಂದು ರಾಜ್ಯಾಂಗ ೧೯೯೬ರಲ್ಲೇ ಹೇಳಿತ್ತು. ಆ ಮಾತು ಊರಿನ ಕಟ್ಟಳೆಯಾಗಬೇಕಾದರೆ ಊರಿನವರೇ ಕೂತು ಮಾತಾಡಬೇಕಾಯಿತು.

ನಮ್ಮ ಪ್ರಶ್ನೆಗೆ ಉತ್ತರ

ಕಾಲುವೆಯ ಕೊನೆಯ ಹೆಂಗಸು ಯಾರನ್ನು ಕೇಳಬೇಕು ಎಂದು ಹೊರಟೆವು. ಆಕೆ ಮೊದಲು ತನ್ನ ಭಾಗದ ರೈತರ ಸಮಿತಿಯನ್ನು ಕೇಳಬೇಕು. ತಲೆಭಾಗದವರು ಸರದಿ ತಪ್ಪಿಸಿದ್ದರೆ ಅದು ಅಲ್ಲಿಯೇ ತೀರಬೇಕು. ತೀರದೆ ಜಗಳವಾದರೆ ಇಂಡುನಾನನ್ನು. ಕಾಲುವೆಯೇ ಒಡೆದಿದ್ದರೆ ಪ್ರಾಂತದ ಬೇಸಾಯ ಇಲಾಖೆಯನ್ನು. ಆ ಇಲಾಖೆಯನ್ನು ಎಚ್ಚರಿಸಲು ವಾರ್ಡಿನ ಸದಸ್ಯನನ್ನು. ಉತ್ತರ ಉದ್ದವಾಯಿತು. ಬಡವರ ಮಟ್ಟಿಗೆ ಉತ್ತರ ಉದ್ದವಾದಷ್ಟೂ ನ್ಯಾಯ ದೂರವಾಗುತ್ತದೆ. ಮ್ಸಿಂಗಾದ ಆಡಳಿತದಲ್ಲಿ ಇಂದಿಗೂ ಉಳಿದಿರುವ ದೊಡ್ಡ ಕೊರತೆ ಇದೇ. ಓಟು ಇದೆ, ಕಾನೂನು ಇದೆ, ಹಣವೂ ಅಷ್ಟಿಷ್ಟು ಇದೆ. "ಇದು ನನ್ನ ಹೊಣೆ" ಎಂದು ಮುಂದೆ ಬರುವ ಒಂದು ಮುಖ ಬೇಕಾಗಿದೆ.

ಆ ಮುಖವನ್ನು ಜನರೇ ತೋರಿಸಿಕೊಡಬೇಕು. ಯಾವ ಕೆಲಸ ಯಾರದು ಎಂಬ ಪಟ್ಟಿ ರೈತನ ಬಾಯಲ್ಲಿದ್ದರೆ ಅವನನ್ನು ಕಚೇರಿಯಿಂದ ಕಚೇರಿಗೆ ಅಲೆಸುವುದು ಅಷ್ಟು ಸುಲಭವಲ್ಲ. ನಿಮ್ಮ ಊರಿನಲ್ಲಿಯೂ ಇದನ್ನು ಮಾಡಿ ನೋಡಿ. ನೀರು, ದಾರಿ, ದೀಪ, ಶಾಲೆ, ಗೋಮಾಳ, ಇವುಗಳಲ್ಲಿ ಒಂದೊಂದಕ್ಕೂ ಉತ್ತರ ಹೇಳಬೇಕಾದವರು ಯಾರು ಎಂದು ಒಂದು ಹಾಳೆಯಲ್ಲಿ ಬರೆದು, ಎಲ್ಲರಿಗೂ ಕಾಣುವ ಕಡೆ ಅಂಟಿಸಿ. ಮುಂದಿನ ಗ್ರಾಮಸಭೆಗೆ ಬರುವಾಗ ಅದನ್ನು ಓದಿಕೊಂಡು ಬನ್ನಿ. ಅಕ್ಕತಂಗಿಯರನ್ನೂ ಕರೆದುಕೊಂಡು ಬನ್ನಿ. ನೀರಿನ ಕೊರತೆ ಮೊದಲು ತಿಳಿಯುವುದು ಅವರಿಗೆ.